ಕಾರಣ ಕೇಳೂ ಕೇಸು

ಇಂಡಿ ಕೋರ್ಟಿನ ಹತ್ತಿರ ಒಬ್ಬ ವಕೀಲರ ಕಚೇರಿ. ರವಿವಾರವಾದ್ದರಿಂದ ಕಕ್ಷಿಗಾರರ ಸುಳಿವಿಲ್ಲ. ವಕೀಲರು ಬದುವಿನ ಜಗಳ, ವಾಟ್ನಿ ದಾವೆಗಳಲ್ಲೇ ತಲೆ ನರೆಸಿಕೊಂಡವರು. ಎದುರಿಗೆ ಕುಳಿತವಳು ಅವರ ಅಣ್ಣನ ಮಗಳು; ಮುದ್ದೇಬಿಹಾಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ಮೇ ತಿಂಗಳಲ್ಲಿ ದಿಲ್ಲಿಯಿಂದ ಹೈದರಾಬಾದಿಗೆ ಬರಬೇಕಿದ್ದ ಅವಳ ವಿಮಾನ ತಡವಾಗಿ, ಸಿಂದಗಿಯ ಮದುವೆಯೊಂದು ತಪ್ಪಿದೆ.

ಮಗಳು: ಕಾಕಾ, ಐದು ಲಕ್ಷಕ್ಕ ಕೇಸು ಹಾಕೂನ್ರಿ.

ಕಾಕಾ: ಚಾ ಕುಡಿ ಮೊದಲ. ಯಾರ ಮ್ಯಾಲ ಐದು ಲಕ್ಷ?

ಮಗಳು: ವಿಮಾನದವರ ಮ್ಯಾಲ್ರಿ. ದಿಲ್ಲಿ ಬಿಡೂದು ರಾತ್ರಿ ಒಂಬತ್ತಕ್ಕ ಇತ್ತು, ಬಿಟ್ಟಿದ್ದು ಬೆಳಗಿನ ಐದಕ್ಕ. ಹೈದರಾಬಾದಿನಿಂದ ರಾತ್ರಿ ಬಸ್ಸಿಗಿ ಸೀಟು ಮಾಡಿಸಿದ್ದೆ, ಅದು ಹೋತು. ಮುಂಜಾನಿ ಟ್ಯಾಕ್ಸಿ ಮಾಡ್ಕೊಂಡು ಕಲಬುರ್ಗಿ, ಜೇವರ್ಗಿ ಹಾದು ಸಿಂದಗಿ ಮುಟ್ಟೂದ್ರಾಗ ಮಂಟಪದಾಗ ಕಡೀ ಪಂಕ್ತಿ ಏಳತಿತ್ತು. ಅಕ್ಷತಿ ಹಾಕಲಾಕ ಆಗಲಿಲ್ಲ. ಸೋದರಮಾವ ಇನ್ನೂ ನೆಟ್ಟಗ ಮಾತಾಡ್ಸವಲ್ಲ.

ಕಾಕಾ: ಮಾವ ಮಾತು ಬಿಟ್ರ ಅದಕ್ಕ ಕೋರ್ಟಿನ್ಯಾಗ ದರ ಇಲ್ಲವ್ವಾ. ಒಂದು ಮಾತು ಹೇಳು. ಇವತ್ತು ನೀ ಬಂದ ಬಸ್ಸು ಎಷ್ಟು ತಡ?

ಮಗಳು: ಮುಕ್ಕಾಲು ತಾಸು.

ಕಾಕಾ: ಮತ್ತ ಅದರ ಮ್ಯಾಲ ಕೇಸು ಬ್ಯಾಡೇನು? ನಾ ವಕೀಲ, ನನಗೇನು, ಎರಡೂ ನಡಸ್ತೀನಿ.

ಮಗಳು: ಬಾಗೇವಾಡಿ ದಾಟಿದ ಮ್ಯಾಲ ಟಾಯರ್ ಹೋತ್ರಿ. ಕಂಡಕ್ಟರ್ ಇಳಿಸಿದ, ಟಾಯರ್ ತೋರಿಸಿದ, ಸ್ಟೆಪ್ನಿಯೊಳಗ ಗಾಳಿ ಕಡಿಮಿ ಅದ ಅಂತ ಡೆಪೋದವರಿಗಿ ಎಲ್ಲಾರ ಮುಂದೇ ಫೋನಿನ್ಯಾಗ ಬೈದ. ನಾವೂ ಒಂದೀಟು ಬೈದೆವು. ಅಲ್ಲಿಗಿ ಮುಗೀತು. ದಿಲ್ಲ್ಯಾಗ ಆ ರಾತ್ರಿ ನನಗ ಬಂದಿದ್ದು ಇವು, ಓದ್ರಿ.

ಕಾಕಾ: (ಕನ್ನಡಕ ಏರಿಸಿ) ‘ಆಪರೇಷನಲ್ ಕಾರಣಗಳಿಂದಾಗಿ ನಿಮ್ಮ ವಿಮಾನ 10:20ಕ್ಕೆ ಹೊರಡಲಿದೆ.’ ಆಮ್ಯಾಲ 11:45. ಆಮ್ಯಾಲ 1:10. ಆಮ್ಯಾಲ ಎರಡೂವರಿ, ನಾಕು, ಐದು. ಎಲ್ಲಾದಕ್ಕೂ ಅದೇ ಆಪರೇಷನಲ್ ಕಾರಣ. ಅಂದ್ರ ಏನಾಗಿತ್ತು?

ಮಗಳು: ಅದನ್ನೇ ಕೇಳಲಾಕ ಬಂದೀನಿ. ಕೌಂಟರಿನ ಹುಡುಗಿಗಿ ಕೇಳಿದೆ, ಆಕಿಗೂ ಗೊತ್ತಿಲ್ಲ. ಮೋಡ ಇಲ್ಲ, ಗಾಳಿ ಇಲ್ಲ. ಅದೇ ಹೊತ್ತಿನ್ಯಾಗ ಬ್ಯಾರೆ ಕಂಪನಿ ವಿಮಾನ ಎರಡು ಹೈದರಾಬಾದಿಗೇ ಹಾರಿದ್ವು. ಬೋರ್ಡಿನ ಫೋಟೊ ತಗೊಂಡೀನಿ.

ಕಾಕಾ: ಅದು ಚಲೋ ಮಾಡೀದಿ. ತಿನ್ನಲಾಕ ಏನು ಕೊಟ್ರು?

ಮಗಳು: ಹನ್ನೊಂದೂವರಿಗಿ ಒಂದು ಸ್ಯಾಂಡ್‌ವಿಚ್, ಒಂದು ಫ್ರೂಟಿ. ಅಷ್ಟೇ. ಮುದುಕರು ಚೀಲ ತಲಿಗಿಂಬು ಮಾಡ್ಕೊಂಡು ಹಾಸುಗಲ್ಲಿನ ಮ್ಯಾಲೇ ಮಲಗಿದ್ರು.

ಕಾಕಾ: ಹೊಟೆಲಿಗಿ ಕರಕೊಂಡು ಹೋಗ್ತೀವಿ ಅಂದ್ರೇನು?

ಮಗಳು: ಹೊಟೆಲ್ ಯಾಕ್ರಿ? ಒಂದು ತಾಸಿನ್ಯಾಗ ಬಿಡ್ತದ, ಒಂದು ತಾಸಿನ್ಯಾಗ ಬಿಡ್ತದ ಅಂತಿದ್ರು.

ಕಾಕಾ: ಇಲ್ಲೇ ಅದ ನೋಡು ಮರ್ಮ. ನೀ ಫೋನು ಮಾಡಿದ ದಿನದಿಂದ ನಾನೂ ಒಂದೀಟು ಓದೀನಿ. ಹೊಲದ ವಕೀಲನಿಗಿ ಆಕಾಶದ ಕಾಯ್ದೆ ಅಂದ್ರ ಹೊಸಾದು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದ್ರ ಡಿಜಿಸಿಎ, 2010ರಾಗ ಒಂದು ನಿಯಮ ಮಾಡ್ತು, 2016ರಾಗ ತಿದ್ದಿ ಮೊತ್ತ ಏರಿಸ್ತು. ದಿಲ್ಲಿಯಿಂದ ಹೈದರಾಬಾದ್ ಎರಡೂವರಿ ತಾಸಿನ ಒಳಗಿನ ಹಾರಾಟ. ಹಂತಾದು ಎರಡು ತಾಸು ತಡ ಆದ್ರ ಊಟ, ಫಳಾರ ಕೊಡಬೇಕು. ಆರು ತಾಸು ಮೀರ್ತದ ಅಂದ್ರ, ಬ್ಯಾರೆ ವಿಮಾನ ಬೇಕೋ, ಪೂರಾ ರೊಕ್ಕ ವಾಪಸ್ ಬೇಕೋ ಅಂತ ಕೇಳಬೇಕು. ರಾತ್ರಿ ಎಂಟರಿಂದ ಮುಂಜಾನಿ ಮೂರರೊಳಗ ಬಿಡೂ ವಿಮಾನ ಆರು ತಾಸಿಗಿಂತ ಹೆಚ್ಚು ತಡ ಆದ್ರ ಹೊಟೆಲು, ಅಲ್ಲಿಗಿ ಹೋಗಿ ಬರೂ ಗಾಡಿ ಸುದ್ದಾ ಅವರದೇ. ನಿಂದು ಒಂಬತ್ತರ ವಿಮಾನ, ಎಂಟು ತಾಸು ತಡ. ಎರಡೂ ಹತ್ತತಾವ.

ಮಗಳು: ಆದ್ರ ಅವರು ಆರು ತಾಸು ತಡ ಅಂತ ಒಮ್ಮಿನೂ ಹೇಳಲಿಲ್ಲಲ್ರಿ.

ಕಾಕಾ: ಹೇಳಿದ್ರ ಖರ್ಚು ಬರ್ತದಲ್ಲ! ತಾಸು, ಒಂದೂವರಿ ತಾಸು, ಹಿಂಗ ಚೂರು ಚೂರು ಸರಸಿದ್ರ ಯಾರೂ ಎದ್ದು ಹೋಗೂದಿಲ್ಲ, ಯಾರೂ ರೊಕ್ಕ ಕೇಳೂದಿಲ್ಲ. ಆದ್ರ ನಿಯಮ ಎಣಸೂದು ಮೂಲ ವೇಳೆಯಿಂದ. ಆರು ಮೆಸೇಜಿನ ಬಿಡಿ ಬಿಡಿ ಲೆಕ್ಕ ಅಲ್ಲಿ ನಡ್ಯೂದಿಲ್ಲ.

ಮಗಳು: ರೊಕ್ಕದ ಪರಿಹಾರ ಎಷ್ಟ್ರಿ?

ಕಾಕಾ: ತಡಕ್ಕ? ಸೊನ್ನಿ.

ಮಗಳು: ಏನು?

ಕಾಕಾ: ಮುನ್ಸೂಚನಿ ಕೊಡದೇ ವಿಮಾನ ರದ್ದು ಮಾಡಿದ್ರ, ಹಾರಾಟದ ಉದ್ದ ನೋಡಿ 5,000, 7,500, 10,000, ಇಲ್ಲಾ ಮೂಲ ದರ ಮತ್ತ ಇಂಧನ ಶುಲ್ಕ, ಯಾವುದು ಕಡಿಮಿ ಅದು. ಸೀಟು ಖಾತ್ರಿ ಇದ್ದೂ ಹತ್ತಿಸಿಕೊಳ್ಳದಿದ್ರ 20,000ದ ತನಕ. ತಡಕ್ಕ ಊಟ, ಹೊಟೆಲು, ವಾಪಸಾತಿ ಅಷ್ಟೇ. ಕೈಯಾಗ ರೊಕ್ಕ ಕೊಡ್ರಿ ಅಂತ ಆ ನಿಯಮದಾಗ ಒಂದು ಸಾಲಿಲ್ಲ.

ಮಗಳು: ಇದು ನಮ್ಮ ಹುಡುಗರಿಗಿ ಬೋರ್ಡಿನ ಮ್ಯಾಲ ಬರದು ತೋರ್ಸೂ ಉದಾಹರಣಿ ಆತಲ್ರಿ ಕಾಕಾ! ರದ್ದು ಮಾಡಿದ್ರ ನೂರ ಎಂಬತ್ತು ಜನಕ್ಕ ಹತ್ತತ್ತು ಸಾವಿರ. ಬೆಳತನ ಕುಂಡ್ರಿಸಿದ್ರ ನೂರ ಎಂಬತ್ತು ಸ್ಯಾಂಡ್‌ವಿಚ್. ಯಾವ ಕಂಪನಿ ರದ್ದು ಮಾಡ್ತದ? ನಿಯಮಾನೇ ಅವರಿಗಿ ಹೇಳಿಕೊಡ್ತದ, ಜನರನ್ನ ಕುಂಡ್ರಿಸಿ ಇಡ್ರಿ ಅಂತ. ಯುರೋಪಿನ್ಯಾಗ ಹಂಗಿಲ್ಲ. ಅಲ್ಲಿ 2004ರ ಕಾಯ್ದೆ ಅದ, 261ನೇದ್ದು. ಮೂರು ತಾಸು ತಡ ಮುಟ್ಟಿದ್ರ 250 ಯೂರೊದಿಂದ 600 ಯೂರೊ ಕೈಗಿ. ಜರ್ಮನಿಯೊಳಗಿರೂ ನನ್ನ ಗೆಳತಿ ಫ್ರಾಂಕ್‌ಫರ್ಟಿನಿಂದ ಬೆಂಗಳೂರಿಗಿ ಬರೂವಾಗ ತಡ ಆಗಿ, ಮನ್ಯಾಗ ಕುಂತು ಒಂದು ಫಾರ್ಮ್ ತುಂಬಿ ರೊಕ್ಕ ತಗೊಂಡ್ಳು. ವಕೀಲರ ಮುಖಾ ನೋಡಲಿಲ್ಲ.

ಕಾಕಾ: ವಕೀಲರ ಮುಖಾ ನೋಡಬಾರದಂತ ಇರೂ ಕಾಯ್ದೆ ನಾ ಯಾಕ ಹೊಗಳಲಿ? ಆದ್ರ ಖರೇ. ತಡಕ್ಕೂ ರದ್ದಿಗಿ ಕೊಟ್ಟಂಗ ಕೊಡ್ರಿ ಅಂತ ಅಲ್ಲಿ ಮೂಲ ಕಾಯ್ದೆಯೊಳಗ ನೆಟ್ಟಗ ಬರದಿದ್ದಿಲ್ಲ. 2009ರಾಗ ಯುರೋಪಿನ ನ್ಯಾಯಾಲಯ ಹಂಗ ಅರ್ಥ ಮಾಡ್ತು. ಯಾರೋ ಪ್ರಯಾಣಿಕರು ಕೇಸು ಹಾಕಿದ್ರಂತಲೇ ಅದಾತು.

ಮಗಳು: ಹಂಗಾದ್ರ ನಾನೂ ಹಾಕ್ತೀನಿ.

ಕಾಕಾ: ತಡಿ. ಮೊದಲ ಸೋತ ಕೇಸು ಕೇಳು. ಅದೂ ನಿನ್ನ ದಾರೀದೇ, ದಿಲ್ಲಿಯಿಂದ ಹೈದರಾಬಾದು. 2007ರ ಡಿಸೆಂಬರ್ 14. ಇಂಡಿಗೋ ವಿಮಾನ. ಮುಂಜಾನಿ ಹೊಂಡಬೇಕಾದ್ದು ಮಂಜಿನ ಸಲುವಾಗಿ ತಾಸುಗಟ್ಟಲೆ ನಿಂತು ಬಿಡ್ತು, ಮಂದಿ ಒಳಗೇ ಕುಂತಿದ್ರು. ಒಬ್ಬ ಪ್ರಯಾಣಿಕ ಹೈದರಾಬಾದಿನ ಖಾಯಂ ಲೋಕ ಅದಾಲತ್ತಿಗಿ ಹೋದ. ಅವರು ಹತ್ತು ಸಾವಿರ ಪರಿಹಾರ ಕೊಡಿಸಿದ್ರು. ಕಂಪನಿ ಬಿಡಲಿಲ್ಲ, ಹತ್ತು ಸಾವಿರಕ್ಕ ಸುಪ್ರೀಂ ಕೋರ್ಟಿನ ತನಕ ಹೋತು. 2011ರ ಜುಲೈದಾಗ ತೀರ್ಪು. ಬರದವರು ನಮ್ಮ ಕರ್ನಾಟಕ ಹೈಕೋರ್ಟಿನ್ಯಾಗ ಇದ್ದು ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಮಂಜಿಗಿ ಕಂಪನಿ ಹೊಣಿ ಅಲ್ಲ ಅಂತ ಹೇಳಿ ಪರಿಹಾರ ತಗದು ಹಾಕಿದ್ರು.

ಮಗಳು: ಅಂದ್ರ ಬಾಗಿಲಾ ಮುಚ್ಚಿತು.

ಕಾಕಾ: ಅರ್ಧ ಮುಚ್ಚಿತು. ಕಾರಣ ಏನರ ಇರ್ಲಿ, ಟಿಕೆಟ್ ಎಷ್ಟು ಅಗ್ಗದ್ದರ ಇರ್ಲಿ, ಒಳಗ ಕೂಡ್ರಿಸಿದ ಮಂದಿಗಿ ನೀರು, ತಿನಿಸು, ಶೌಚದ ವ್ಯವಸ್ಥಾ ಮಾಡೂದು ತಪ್ಪಿಸ್ಕೊಳ್ಳಲಾಕ ಬರೂದಿಲ್ಲ ಅಂತ ಅದೇ ತೀರ್ಪಿನ್ಯಾಗ ಅದ. ಇನ್ನೊಂದು ಅದ, ವಕೀಲರಿಗಿ ಮಾತ್ರ ರುಚಿ ಹತ್ತೂದು: ಟಿಕೆಟಿನ ಸಣ್ಣ ಅಕ್ಷರದಾಗ ‘ವ್ಯಾಜ್ಯ ದಿಲ್ಲಿ ಕೋರ್ಟಿನ್ಯಾಗ ಮಾತ್ರ’ ಅಂತ ಕಂಪನಿ ಬರದಿತ್ತು. ಆ ಷರತ್ತು ಹೈದರಾಬಾದಿನ ಲೋಕ ಅದಾಲತ್ತಿಗಿ ಅಡ್ಡ ಬರಲಿಲ್ಲ.

ಮಗಳು: ನಂದು ಮೇ ತಿಂಗಳು ಕಾಕಾ. ಮಂಜು ಎಲ್ಲಿಂದ ಬರಬೇಕು?

ಕಾಕಾ: ಅದಕ್ಕೇ ಎರಡನೇ ಕೇಸು. ಇದು ವಿಮಾನದ್ದಲ್ಲ, ರೈಲಿಂದು. ಆದ್ರ ವಿಮಾನ ತಪ್ಪಿಸಿದ ರೈಲು. 2016ರ ಜೂನ್, ಅಜ್ಮೇರ್–ಜಮ್ಮು ಎಕ್ಸ್‌ಪ್ರೆಸ್. ಮುಂಜಾನಿ ಎಂಟರ ಸುಮಾರಿಗಿ ಜಮ್ಮು ಮುಟ್ಟಬೇಕಾದ್ದು ಹನ್ನೆರಡಕ್ಕ ಮುಟ್ಟಿತು. ಹನ್ನೆರಡಕ್ಕೇ ಆ ಕುಟುಂಬದ ವಿಮಾನ ಶ್ರೀನಗರಕ್ಕ. ತಪ್ಪಿತು. ಟ್ಯಾಕ್ಸಿ ಮಾಡ್ಕೊಂಡು ಹೋದ್ರು, 15,000. ದೋಣಿಮನಿ ಬುಕ್ ಮಾಡಿದ್ದೂ ಹೋತು. ಗ್ರಾಹಕರ ವೇದಿಕೆ ಎಲ್ಲಾ ಕೂಡಿಸಿ ಪರಿಹಾರ ಕೊಡಿಸ್ತು. ರೈಲ್ವೆನೂ ಸುಪ್ರೀಂ ಕೋರ್ಟಿಗಿ ಹೋತು. 2021ರ ಸೆಪ್ಟೆಂಬರಿನ್ಯಾಗ ನ್ಯಾಯಮೂರ್ತಿ ಎಂ.ಆರ್. ಶಾ, ಅನಿರುದ್ಧ ಬೋಸ್ ಅವರ ಪೀಠ ರೈಲ್ವೆಗಿ ಕೇಳಿದ್ದು ಒಂದೇ: ತಡಕ್ಕ ಕಾರಣ ಏನು, ಪುರಾವೆ ಎಲ್ಲದ? ಕಾರಣ ಹೇಳಿ, ಅದು ತಮ್ಮ ಕೈಮೀರಿದ್ದು ಅಂತ ತೋರಿಸೂ ಹೊಣಿ ರೈಲ್ವೆದ್ದು ಅಂದ್ರು. ತೋರಿಸಲಾಕ ಆಗಲಿಲ್ಲ. ಪರಿಹಾರ ಉಳೀತು.

ಮಗಳು: ಒಂದ್ರಾಗ ಮಂಜು ಅಂತ ಸಿದ್ಧ ಆತು, ಪ್ರಯಾಣಿಕ ಸೋತ. ಇನ್ನೊಂದ್ರಾಗ ಕಾರಣಾನೇ ಬರಲಿಲ್ಲ, ಪ್ರಯಾಣಿಕ ಗೆದ್ದ.

ಕಾಕಾ: ಹಾಂ. ನಿನ್ನ ಕೇಸು ಇವೆರಡರ ನಡುವ ಎಲ್ಲ್ಯರ ನಿಂದ್ರಬೇಕು. ಎಂಟು ತಾಸಿನ ಲೆಕ್ಕ ನೀ ಎಷ್ಟು ಅತ್ತು ಹೇಳಿದ್ರೂ ನಡ್ಯೂದಿಲ್ಲ. ‘ಆಪರೇಷನಲ್’ ಅನ್ನೂ ಬುಟ್ಟಿಯೊಳಗ ಏನಿಟ್ಟಾರ, ಅದನ್ನ ಗ್ರಾಹಕರ ಆಯೋಗದ ಮುಂದ ಸುರುವಿ ತೋರಸ್ರಿ ಅಂತ ಕೇಳಬೇಕು. ವಿಮಾನ ಕೆಟ್ಟಿತ್ತೇನು? ಪೈಲಟ್ ಇದ್ದಿಲ್ಲೇನು? ಸೀಟು ತುಂಬಿಲ್ಲಂತ ಎರಡು ಹಾರಾಟ ಕೂಡಿಸಿದ್ರೇನು? ಒಂದೊಂದಕ್ಕ ಒಂದೊಂದು ಉತ್ತರ. ಮಂಜು, ಮಳಿ, ವಿಮಾನ ಸಂಚಾರ ನಿಯಂತ್ರಣ, ಭದ್ರತೆ, ಗಲಭೆ, ಮುಷ್ಕರ, ಇವು ಕೈಮೀರಿದವು ಅಂತ ಡಿಜಿಸಿಎ ನಿಯಮದಾಗೇ ಪಟ್ಟಿ ಅದ. ಪೈಲಟ್ ಕಡಿಮಿ ಬಿದ್ದಾರ ಅನ್ನೂದು ಆ ಪಟ್ಟಿಯೊಳಗ ಇಲ್ಲ.

ಮಗಳು: 2025ರ ಡಿಸೆಂಬರಿನ್ಯಾಗ ಆದದ್ದು ಅದೇ ಅಲ್ಲೇನ್ರಿ? ಹುಬ್ಬಳ್ಳಿ ಆರತಕ್ಷತಿ!

ಕಾಕಾ: ಅದು ಪೇಪರಿನ್ಯಾಗ ಓದಿ ನಕ್ಕೆ, ಆಮ್ಯಾಲ ಕೆಟ್ಟ ಅನಸ್ತು. ಹುಡುಗ–ಹುಡುಗಿ ಭುವನೇಶ್ವರದಾಗ ಸಿಕ್ಕೊಂಡಾರ, ಇಂಡಿಗೋ ವಿಮಾನ ರದ್ದು. ಹುಬ್ಬಳ್ಳಿ ಹಾಲಿನ್ಯಾಗ ನೆಂಟರು ಬಂದು ಕುಂತಾರ. ವಧು–ವರರ ಕುರ್ಚಿ ಮ್ಯಾಲ ಹುಡುಗಿಯ ತಾಯಿ–ತಂದಿ ಕುಂತ್ರು, ಮದುಮಕ್ಕಳು ಸಿಂಗಾರ ಮಾಡ್ಕೊಂಡು ಪರದೆ ಮ್ಯಾಲ ಬಂದ್ರು. ನೆಂಟರು ಪರದೆಗೇ ಹರಸಿದ್ರು.

ಮಗಳು: ಅದರ ಹಿಂದಿನ ಕಥಿ ನೋಡ್ರಿ. ಪೈಲಟ್‌ಗಳಿಗಿ ವಾರಕ್ಕ 36 ತಾಸಿದ್ದ ವಿಶ್ರಾಂತಿ 48 ಆಗಬೇಕು, ರಾತ್ರಿ ಇಳಿಸೂದು ಆರರಿಂದ ಎರಡಕ್ಕ ಇಳೀಬೇಕು ಅಂತ 2024ರ ಜನವರಿಯೊಳಗೇ ನಿಯಮ ಬಂತು. ಕಂಪನಿಗಳು ಮುಂದ ಹಾಕಿದ್ವು. ಪೈಲಟ್‌ಗಳ ಸಂಘದವರು ದಿಲ್ಲಿ ಹೈಕೋರ್ಟಿಗಿ ಹೋಗಿದ್ರಂತ 2025ರ ಜುಲೈಕ್ಕ ಒಂದಷ್ಟು, ನವೆಂಬರ್ 1ಕ್ಕ ಉಳಿದದ್ದು ಜಾರಿಗಿ ಬಂತು. ಎರಡು ವರ್ಷದ ಹತ್ರ ವ್ಯಾಳೇ ಇತ್ತು. ಇಂಡಿಗೋ ಜನಾನ್ನ ತಗೊಳ್ಳಲಿಲ್ಲ. ಡಿಸೆಂಬರ್ 5ಕ್ಕ ಒಂದೇ ದಿನ ಸಾವಿರಕ್ಕೂ ಮಿಕ್ಕಿ ವಿಮಾನ ರದ್ದು. ಬೆಂಗಳೂರು ನಿಲ್ದಾಣದಾಗ ಚೀಲದ ಗುಡ್ಡಾನೇ ಬಿದ್ದಿತ್ತು. ಆಗ ಸುದ್ದಾ ಮೊದಲ ಬಂದ ಮೆಸೇಜು ಆಪರೇಷನಲ್ಲೇ!

ಕಾಕಾ: ಡಿಜಿಸಿಎ 2026ರ ಜನವರಿಯೊಳಗ 22.20 ಕೋಟಿ ದಂಡ ಹಾಕ್ತು.

ಮಗಳು: ಆ ದಂಡ ಯಾರಿಗಿ ಹೋತ್ರಿ? ಸರಕಾರದ ಖಜಾನಿಗಿ. ಬಾಳ ತೊಂದ್ರಿ ಆದವರಿಗಿ 10,000 ರೂಪಾಯಿ ವೋಚರ್ ಅಂದ್ರು, ಅದು ಮತ್ತ ಅವರ ಟಿಕೆಟಿಗೇ. ಕೈಕೊಟ್ಟವನ ಅಂಗಡಿಗೇ ತಿರುಗಿ ಹೋಗು ಅಂದಂಗ. ದಂಡದಿಂದ ನನ್ನ ಟ್ಯಾಕ್ಸಿ ರೊಕ್ಕ ಬರೂದಿಲ್ಲ, ನನಗ ಕಾರಣಾನೂ ಬರೂದಿಲ್ಲ. ಅದಕ್ಕೇ ಒಬ್ಬೊಬ್ಬರೂ ಕೇಳಬೇಕು ಅಂತೀನಿ.

ಕಾಕಾ: ನೀ ಹೇಳೂದು ಕೇಳಲಾಕ ಚಂದ ಅದ. ಈಗ ನನ್ನ ಹೊಟ್ಟಿಯೊಳಗಿಂದು ಹೇಳ್ತೀನಿ, ಸಿಟ್ಟಾಗಬ್ಯಾಡ. ಈ ಜಿಲ್ಲಾದಾಗ ತಡ ಅನ್ನೂದನ್ನ ಯಾರ ಮುಂದ ಹೇಳ್ತೀ? ಆಲಮಟ್ಟಿಗಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಾಗ. ಆಗ ಅದು ಬಾಗೇವಾಡಿ ತಾಲೂಕು. ರಾಷ್ಟ್ರಪತಿ ಕಲಾಂ ಬಂದು ನಾಡಿಗಿ ಅರ್ಪಿಸಿದ್ದು 2006ರಾಗ. ನಿಮ್ಮ ಅಜ್ಜ ಅಡಿಗಲ್ಲು ನೋಡಿ ಬಂದಿದ್ದ, ನೀರು ನೋಡಲಿಲ್ಲ. ಇಂಡಿ ಶಾಖಾ ಕಾಲುವಿ ಅಂತ ನಮ್ಮ ಊರ ಹೆಸರೇ ಇಟ್ಟಾರ. ಕಾಲುವಿ ಬಾಲಕ್ಕ ನೀರು ಮುಟ್ಟಿಸ್ರಿ ಅಂತ ಇಲ್ಲಿ ರೈತರು ರಸ್ತಾದ ಮ್ಯಾಲ ಕುಂತಾರ. ಲಿಂಬಿ ಗಿಡಕ್ಕ ಟ್ಯಾಂಕರ್ ನೀರು ಹಾಕಿ ಉಳಿಸ್ಕೊಂಡವನು ನನ್ನ ಕಡೆ ಬಂದು ಕೇಸು ಹಾಕ್ರಿ ಅನ್ನೂದಿಲ್ಲ. ವಿಜಯಪುರದ ಹತ್ರ ಬುರಣಾಪುರದ ವಿಮಾನ ನಿಲ್ದಾಣಕ್ಕ 2021ರಾಗ ಅಡಿಗಲ್ಲಾತು, ಹೇಳಿದ ವರ್ಷಕ್ಕ ಬಾಗಿಲಾ ತೆರೀಲಿಲ್ಲ. ಹಿಂಗಿದ್ದಲ್ಲಿ ಎಂಟು ತಾಸಿಗಿ ಐದು ಲಕ್ಷ ಅಂತ ಹೋಗಿ ನಿಂತ್ರ ನನಗೇ ನಾಚಿಕಿ ಆಗ್ತದ.

ಮಗಳು: ನಾಚಿಕಿ ಯಾಕ್ರಿ? ಅಜ್ಜ ಕೇಳಲಿಲ್ಲಂತ ನಾ ಕೇಳಬಾರದೇನು? ಕಾಲುವಿ ನೀರಿಗಿ ರೈತ ಟಿಕೆಟ್ ತಗೊಂಡಿಲ್ಲ, ವ್ಯಾಳೇ ಹಾಕಿಕೊಟ್ಟ ಕಾಗದ ಅವನ ಕೈಯಾಗಿಲ್ಲ. ನನ್ನ ಕೈಯಾಗ ಅದ. ಕಾಗದ ಇದ್ದವರೇ ಕೇಳದಿದ್ರ ಇಲ್ಲದವರು ಎಂದು ಕೇಳಬೇಕು? ನಮ್ಮ ಕಡೆ ಕಾಯೂದೇ ಒಂದು ಗುಣ ಆಗಿ ಕುಂತದ. ಆಫೀಸಿನ್ಯಾಗ ‘ನಾಳಿ ಬಾ’ ಅಂದ್ರ ಹಾರ ಹಾಕಿದಂಗ ಹೊಳ್ಳಿ ಬರ್ತೀವಿ.

ಕಾಕಾ: ಆ ಮಾತು ಒಪ್ಪಿದೆ. ಐದು ಲಕ್ಷ ಒಪ್ಪಿಲ್ಲ.

ಮಗಳು: ಹೋಗ್ಲಿ, ಇನ್ನೊಂದು ಕೇಳ್ತೀನಿ. ಕೇಸು ಬ್ಯಾಡ ಅಂದ್ರ ಮಂದಿ ಏನು ಮಾಡ್ತಾರ ಗೊತ್ತದಲ್ರಿ? 2024ರ ಜನವರಿ 14ಕ್ಕ ದಿಲ್ಲ್ಯಾಗ ಗೋವಾ ವಿಮಾನದಾಗ ಪೈಲಟ್ ನಿಂತು ತಡದ ಬಗ್ಗೆ ಹೇಳೂವಾಗ ಹಿಂದಿನಿಂದ ಒಬ್ಬ ಓಡಿ ಬಂದು ಹೊಡದ. ಅವ ಪಾಪ ಕಾರಣ ಹೇಳಲಾಕೇ ನಿಂತಿದ್ದ! ಮರುದಿನ ಡಿಜಿಸಿಎ ಆದೇಶ ಬಂತು: ತಡದ ಖರೇ ಮಾಹಿತಿ ವ್ಯಾಳ್ಯಾಕ್ಕ ಸರಿ ಕೊಡ್ರಿ, ಮೂರು ತಾಸು ಮೀರೂದು ಖಾತ್ರಿ ಇದ್ರ ಮೊದಲೇ ರದ್ದು ಮಾಡಲಾಕ ಬರ್ತದ ಅಂತ. ನನ್ನ ರಾತ್ರಿನೂ ಕೌಂಟರಿನ ಹುಡುಗಿ ಅತ್ಲು ಕಾಕಾ. ಇಪ್ಪತ್ತೊಂದು, ಇಪ್ಪತ್ತೆರಡರ ಹುಡುಗಿ. ಮಂದಿ ಆಕಿ ಮ್ಯಾಲ ಒದರಿದ್ರು. ನಾನೂ ಒಂದೆರಡು ಮಾತು ಅಂದೆ.

ಕಾಕಾ: ಒದರಿದವರೆಲ್ಲಾ ಕೂಡಿ ಕೇಸು ಹಾಕಲಾಕ ಬರ್ತದಲ್ಲ! ಗ್ರಾಹಕ ಕಾಯ್ದೆಯೊಳಗ ಒಂದೇ ನಮೂನಿ ತೊಂದ್ರಿ ಆದವರು ಆಯೋಗದ ಅನುಮತಿ ತಗೊಂಡು ಎಲ್ಲಾರ ಪರವಾಗಿ ಒಬ್ಬರು ಫಿರ್ಯಾದಿ ಕೊಡಬಹುದು.

ಮಗಳು: ವಾಟ್ಸಾಪ್ ಗುಂಪು ಮಾಡಿದ್ರು, ಅಲ್ಲೇ ಗೇಟಿನ ಮುಂದ. ಮೊದಲ ರಾತ್ರಿ ಎಲ್ಲಾರೂ ಸಿಂಹ. ‘ಬಿಡೂದಿಲ್ಲ’, ‘ಸುಪ್ರೀಂ ಕೋರ್ಟಿನ ತನಕ’ ಅಂತ. ವಾರದ ಮ್ಯಾಲ ಶುಭೋದಯದ ಹೂವು ಬರಲಾಕ ಹತ್ತಿದ್ವು. ಈಗ ಅದರಾಗ ಯಾರೋ ಒಬ್ಬರು ಹೈದರಾಬಾದಿನ್ಯಾಗ ಪ್ಲಾಟು ಮಾರಲಾಕತ್ತಾರ.

ಕಾಕಾ: (ನಗುತ್ತ) ಹಂಗಾದ್ರ ನೀ ಒಬ್ಬಾಕಿನೇ. ಕೇಳು. ಮೊದಲಿನ 1986ರ ಕಾಯ್ದೆಯೊಳಗ ಕಂಪನಿ ಇರೂ ಊರಾಗ, ಇಲ್ಲಾ ಘಟನಾ ಆದ ಊರಾಗ ಹೋಗಬೇಕಿತ್ತು. ನೀ ದಿಲ್ಲಿಗೋ ಹೈದರಾಬಾದಿಗೋ ತಾರೀಖಿಗಿ ಓಡಾಡಬೇಕಾಗ್ತಿತ್ತು; ಅದಕ್ಕೂ ವಿಮಾನಾನೇ ಹತ್ತಬೇಕು. 2019ರ ಕಾಯ್ದೆ, 2020ರ ಜುಲೈದಿಂದ ಜಾರಿ ಆದದ್ದು, ಫಿರ್ಯಾದಿ ವಾಸ ಇರೂ ಜಿಲ್ಲಾದಾಗೇ ಹಾಕಬಹುದು ಅಂತದ. ಮುದ್ದೇಬಿಹಾಳದಾಕಿ ನೀ, ಹಂಗಾದ್ರ ವಿಜಯಪುರದ ಜಿಲ್ಲಾ ಗ್ರಾಹಕರ ಆಯೋಗ. ಇಂಡಿ, ಸಿಂದಗಿ, ಬಾಗೇವಾಡಿಯವರಿಗೂ ಅದೇ. ನಮ್ಮ ತಾಲೂಕು ಕೋರ್ಟಿನ್ಯಾಗ ಇದು ನಡ್ಯೂದಿಲ್ಲ. ಕೊಟ್ಟ ಬೆಲಿ ಐದು ಲಕ್ಷದೊಳಗಿದ್ರ ಶುಲ್ಕ ಇಲ್ಲ. ಬೆಲಿ ಅಂದ್ರ ಟಿಕೆಟಿನ ರೊಕ್ಕ ಮತ್ತ, ನೀ ಕೇಳೂ ಪರಿಹಾರ ಅಲ್ಲ. ಕಂಪ್ಯೂಟರಿನ್ಯಾಗೇ ಸಲ್ಲಿಸಬಹುದು, ಮೊದಲ ಇ–ದಾಖಿಲ್ ಇತ್ತು, 2025ರಿಂದ ಇ–ಜಾಗೃತಿ. ಘಟನಾ ಆಗಿ ಎರಡು ವರ್ಷದೊಳಗ ಹಾಕಬೇಕು. ವಕೀಲ ಬೇಕೇ ಬೇಕು ಅಂತಿಲ್ಲ.

ಮಗಳು: ಎಷ್ಟು ದಿನ ಹಿಡೀತದ್ರಿ?

ಕಾಕಾ: ಕಾಯ್ದೆಯೊಳಗ ಮೂರು ತಿಂಗಳು.

ಮಗಳು: ಖರೇ ಹೇಳ್ರಿ.

ಕಾಕಾ: ಕಾಯ್ದೆಯೊಳಗ ಮೂರು ತಿಂಗಳು ಅಂದೆ. ತಡದ ಕೇಸೂ ತಡ ಆಗ್ತದ, ಅದಕ್ಕ ನನ್ನ ಕಡೆ ಔಷಧ ಇಲ್ಲ. ನೋಟಿಸು ಮುಟ್ಟಬೇಕು, ಅವರ ವಕೀಲ ಬರಬೇಕು, ತಕರಾರು ಹಾಕಬೇಕು, ಪ್ರಮಾಣಪತ್ರ, ವಾದ. ನೀ ಗೆದ್ರ ಅವರು ಮ್ಯಾಲ ಹೋಗ್ತಾರ. ಹೋಗಬೇಕಂದ್ರ ಅರ್ಧ ರೊಕ್ಕ ಮೊದಲ ಕಟ್ಟಬೇಕು, ಅದೊಂದು ಕಡಿವಾಣ ಅದ. ಮುದ್ದೇಬಿಹಾಳದಿಂದ ವಿಜಯಪುರಕ್ಕ ಹೋಗಿ ಬರೂ ಖರ್ಚು, ರಜಾ, ಎಲ್ಲಾ ಕೂಡ್ಸು. ಕೈಗಿ ಬರೂದಕ್ಕಿಂತ ಹೋಗೂದೇ ಹೆಚ್ಚಾಗಬಹುದು. ಇನ್ನ ಕಂಪನಿನೇ ಮುಳುಗಿದ್ರ? ಕಿಂಗ್‌ಫಿಷರ್ 2012ರಾಗ ನಿಂತಿತು, ಗೋ ಫಸ್ಟ್ 2023ರ ಮೇದಾಗ ದಿವಾಳಿ ಅರ್ಜಿ ಹಾಕ್ತು. ಆಗ ಟಿಕೆಟ್ ತಗೊಂಡವರು ಬ್ಯಾಂಕಿನವರ ಹಿಂದ ಸಾಲಿನ್ಯಾಗ ನಿಂತ್ರು.

ಮಗಳು: ನೀವು ಎಂದೂ ವಿಮಾನದ ಕೇಸು ಹಿಡದಿಲ್ಲೇನ್ರಿ?

ಕಾಕಾ: ಕೇಸು ಇಲ್ಲ. ಒಂದು ನೋಟಿಸು ಬರದೀನಿ. ಬಾಗೇವಾಡಿ ಕಡೆ ಹುಡುಗ, ಮಸ್ಕತ್ತಿನ್ಯಾಗ ವೆಲ್ಡಿಂಗ್ ಮಾಡ್ತಾನ. ರಜಾ ಮುಗಿಸಿ ಹೊಂಟಾಗ ವಿಮಾನ ಒಂದು ದಿನಕ್ಕೂ ಮಿಕ್ಕಿ ತಡ. ಅಲ್ಲಿ ಮಾಲಕ ಪಗಾರ ಮುರದ. ಅಂತರರಾಷ್ಟ್ರೀಯ ಹಾರಾಟಕ್ಕ ಬ್ಯಾರೆ ದಾರಿ ಅದ, ಮಾಂಟ್ರಿಯಲ್ ಒಪ್ಪಂದ. ಭಾರತ 2009ರಾಗ ಸೇರ್ತು. ಅದರ 19ನೇ ಕಲಮಿನ್ಯಾಗ ತಡದಿಂದ ಆದ ನಷ್ಟಕ್ಕ ಕಂಪನಿ ಹೊಣಿ ಅಂತ ನೇರ ಬರದದ. ಮಾಡಬೇಕಾದ್ದೆಲ್ಲಾ ಮಾಡಿದ್ವಿ ಅಂತ ಅವರು ತೋರಿಸಿದ್ರ ಮಾತ್ರ ಬಿಡುಗಡಿ. ನಷ್ಟಕ್ಕ ಮಿತಿನೂ ಅದ, 2024ರ ಡಿಸೆಂಬರ್ 28ರಿಂದ ಒಬ್ಬರಿಗಿ 6,303 ಎಸ್‌ಡಿಆರ್. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ. ಹುಡುಗ ಪಗಾರದ ಚೀಟಿ ಕಳಿಸಿದ, ಎಷ್ಟು ಮುರದಾರ ಅಂತ ಅದರಾಗ ಅಚ್ಚಾಗಿತ್ತು. ನೋಟಿಸಿನ್ಯಾಗ ಅಷ್ಟೇ ಕೇಳಿದೆ. ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ. ಕೋರ್ಟಿಗಿ ಹೋಗೂದ್ರೊಳಗೇ ಕೊಟ್ರು.

ಮಗಳು: ನನಗ ಪಗಾರ ಮುರದಿಲ್ಲ. ಮದುವಿ ತಪ್ಪಿತು. ಅದಕ್ಕ ಚೀಟಿ ಎಲ್ಲಿಂದ ತರಲಿ?

ಕಾಕಾ: ತರಲಾಕ ಬರೂದಿಲ್ಲ. ಮಾನಸಿಕ ಯಾತನೆ ಅಂತ ಬರೀತೀವಿ, ಆಯೋಗ ತನಗ ತಿಳಿದಷ್ಟು ಹಾಕ್ತದ. ಐದು ಲಕ್ಷ ಬರದ್ರ ಇಡೀ ಫಿರ್ಯಾದಿ ಮ್ಯಾಲೇ ನಂಬಿಗಿ ಹೋಗ್ತದ. ಮೊದಲ ಚೀಟಿ ಇದ್ದದ್ದು ಬರಿ. ಬಸ್ಸಿನ ಟಿಕೆಟ್, ಟ್ಯಾಕ್ಸಿ, ರಾತ್ರಿ ನೀ ಕೊಂಡು ತಿಂದಿದ್ದು. ಆಮ್ಯಾಲ ನಿಯಮದ ಪ್ರಕಾರ ಕೊಡಬೇಕಾದ ಹೊಟೆಲ್ ಕೊಡಲಿಲ್ಲ, ವಾಪಸಾತಿ ಕೇಳಲಿಲ್ಲ, ಇದು ಸೇವಾ ನ್ಯೂನತೆ. ಅದಕ್ಕ ಒಂದು 25,000 ಕೇಳು.

ಮಗಳು: ಮತ್ತ ಕಾರಣ?

ಕಾಕಾ: ಅದಕ್ಕೊಂದು ಬ್ಯಾರೆ ಅರ್ಜಿ. ಆ ವಿಮಾನದ ಟೆಕ್ನಿಕಲ್ ಲಾಗು, ಆ ರಾತ್ರಿಯ ಸಿಬ್ಬಂದಿ ರೋಸ್ಟರು ಹಾಜರು ಮಾಡ್ರಿ ಅಂತ. ದಾಖಲಿ ತರಿಸೂ ಅಧಿಕಾರ ಆಯೋಗಕ್ಕ ಅದ. ನನಗ ಕೇಳಿದ್ರ ನಿನ್ನ ಫಿರ್ಯಾದಿಯೊಳಗ ಜೀವ ಇರೂದು ಆ ಒಂದು ಪುಟದಾಗ. ಮಂಜು ಇದ್ದಿದ್ರ ಅವರೇ ಮೊದಲ ಹವಾಮಾನದ ಕಾಗದ ತಂದು ಒಗೀತಿದ್ರು. ಮೇ ತಿಂಗಳ ರಾತ್ರಿಗಿ ಏನು ತರ್ತಾರ, ನನಗೂ ನೋಡೂ ಆಸೆ ಅದ.

ಮಗಳು: ಹಂಗಾದ್ರ ನೀವೇ ವಕಾಲತ್ತು ಹಾಕ್ರಿ.

ಕಾಕಾ: ನಾ ಹಾಕೂದಿಲ್ಲ. ನನ್ನ ಫೀಸೇ ನಿನ್ನ ಟ್ಯಾಕ್ಸಿಗಿಂತ ಹೆಚ್ಚು, ಮಗಳಂತ ಬಿಟ್ರ ನನಗ ಲುಕ್ಸಾನು. ಬರದು ಕೊಡ್ತೀನಿ, ನಿಂತು ಹೇಳೂದು ನೀನೇ. ಹುಡುಗರಿಗಿ ಪಾಠ ಹೇಳೂ ಬಾಯಿ. ಮೊದಲ ಕಂಪನಿಯ ನೋಡಲ್ ಅಧಿಕಾರಿಗಿ ಇಮೇಲ್, ಅಲ್ಲಿ ಆಗದಿದ್ರ ಅವರ ಮೇಲ್ಮನವಿ ಅಧಿಕಾರಿ, ಅದರ ಸಂಗಡ ಸರಕಾರದ ಏರ್‌ಸೇವಾದಾಗೂ ಒಂದು ದೂರು. ಏರ್‌ಸೇವಾದವರು ರೊಕ್ಕ ಕೊಡಿಸೂ ಕೋರ್ಟಲ್ಲ, ಆದ್ರ ಕಂಪನಿ ಅಲ್ಲಿ ಬರಹದಾಗ ಉತ್ತರ ಕೊಡ್ತದ. ಆ ಉತ್ತರ ಆಮ್ಯಾಲ ನಿನ್ನ ಕಡೆ ಪುರಾವೆ. ಹದಿನೈದು ದಿನ ಬಿಟ್ಟು ನೋಟಿಸು. ಆಮ್ಯಾಲ ವಿಜಯಪುರ.

ಮಗಳು: ನೋಟಿಸು ಮುಟ್ಟಿದ ಕೂಡಲೇ ‘ಹದಿನೈದು ಸಾವಿರ ಕೊಡ್ತೀವಿ, ಮುಗಸ್ರಿ’ ಅಂದ್ರ?

ಕಾಕಾ: ತಗೋ.

ಮಗಳು: ಕಾರಣ ಹೇಳದೇ ಕೊಟ್ರ?

ಕಾಕಾ: ಆದ್ರೂ ತಗೋ. ವಕೀಲ ಆಗಿ ಹೇಳ್ತೀನಿ, ನಿನಗ ಹೋದದ್ದು ಬಂತು, ವ್ಯಾಜ್ಯ ಮುಗೀತು.

ಮಗಳು: ಅವರಿಗಿ ಹದಿನೈದು ಸಾವಿರ ಅಂದ್ರ ಏನ್ರಿ? ಆಪರೇಷನಲ್ ಅಂತ ಬರದು, ನೂರಾ ಎಂಬತ್ತರಾಗ ಕೇಳಿದ ಒಬ್ಬಾಕಿಗಿ ಕೊಟ್ಟು ಕಳಿಸಿದ್ರ ಅವರಿಗಿ ಅದೇ ಅಗ್ಗ. ನಾ ತಗೊಳ್ಳೂದಿಲ್ಲ. ಕಾಗದ ತಂದು ತೋರಿಸ್ಲಿ, ಖರೇ ಕಾರಣ ಇದ್ರ ನಾ ಒಂದು ಪೈ ಕೇಳದೇ ಫಿರ್ಯಾದಿ ವಾಪಸ್ ತಗೋತೀನಿ.

ಕಾಕಾ: ಇದನ್ನ ಅವರ ವಕೀಲನ ಮುಂದ ಹೇಳಬ್ಯಾಡ ಮತ್ತ. ರಜಾ ಎಷ್ಟು ಉಳದಾವ ನಿಂದು?

ಮಗಳು: ಈ ವರ್ಷದ ಸಿ.ಎಲ್. ಮುಗೀಲಾಕ ಬಂದಾವ.

ಕಾಕಾ: ವಿಡಿಯೊದಾಗ ಹಾಜರಾಗ್ತೀನಿ ಅಂತ ಫಿರ್ಯಾದಿ ಸಂಗಾಟೇ ಒಂದು ಅರ್ಜಿ ಕೊಡು, ಕಾಯ್ದೆಯೊಳಗ ಅದಕ್ಕ ಆಸ್ಪದ ಅದ. ಮೊದಲನೇ ತಾರೀಖಿಗಿ ಮಾತ್ರ ಖುದ್ದ ಹೋಗು, ಮಂದಿ ಮುಖಾ ನೋಡಿರಬೇಕು. ಟ್ಯಾಕ್ಸಿ ಪಾವತಿ ಇದರಾಗ ಕಾಣವಲ್ದು?

ಮಗಳು: ಡ್ರೈವರ್ ಚೀಟಿ ಕೊಡಲಿಲ್ರಿ. ಫೋನ್‌ಪೇ ಮಾಡೀನಿ.

ಕಾಕಾ: ನಡೀತದ. ತಾರೀಖು, ವ್ಯಾಳೇ ಎರಡೂ ಕಾಣೂ ಹಂಗ ಪ್ರಿಂಟ್ ತಗಸು. ಆ ಮೆಸೇಜು ಮಾತ್ರ ಅಳಸಬ್ಯಾಡ, ಹೊಸ ಫೋನು ತಗೊಂಡ್ರೂ ಇದನ್ನ ತಗದು ಇಡು. ಆರೂ ಒಂದೇ ಪುಟದಾಗ ಬರ್ಲಿ, ಒಂದರ ಕೆಳಗ ಒಂದು.